ಕಾಯುವ ಹೊತ್ತು, ಕೊಯ್ಯುವ ಹೊತ್ತು

ನನ್ನ ತಂದೆಯ ಅಣ್ಣ ಕದ್ರಿಯಲ್ಲಿ ದರ್ಜಿಯಾಗಿದ್ದರು. ನಾವು ಅವರನ್ನು ಬಡೇ ಅಬ್ಬಾ ಎನ್ನುತ್ತಿದ್ದೆವು. ಮಲ್ಲಿಕಟ್ಟೆಯಿಂದ ದೇವಸ್ಥಾನದ ಕಡೆ ಹೋಗುವ ದಾರಿಯಲ್ಲಿ ಅವರದೊಂದು ಒಂಟಿ ಬಾಗಿಲಿನ ಅಂಗಡಿ. ಜನವರಿಯಲ್ಲಿ ಮಂಜುನಾಥ ದೇವರ ಜಾತ್ರೆ, ಜೂನ್ ತಿಂಗಳಲ್ಲಿ ಶಾಲೆಯ ಯೂನಿಫಾರಂ, ಆಮೇಲೆ ರಮಝಾನ್. ವರ್ಷದಲ್ಲಿ ಈ ಮೂರು ಸಲ ಅವರಿಗೆ ಮೆಷಿನ್‌ನಿಂದ ತಲೆ ಎತ್ತಲು ಪುರುಸೊತ್ತು ಇರುತ್ತಿರಲಿಲ್ಲ. ಉಳಿದ ದಿನಗಳಲ್ಲಿ ಮಧ್ಯಾಹ್ನ ಊಟ ಮುಗಿಸಿ ಜಗಲಿಯಲ್ಲಿ ಚಾಪೆ ಹಾಸಿ, ಒಂದು ಬೀಡಿ ಸೇದಿ, ಪತ್ರಿಕೆ ಓದುತ್ತಾ ನಿದ್ದೆ ಹೋಗುವುದು ಅವರ ಅಭ್ಯಾಸ. ಪತ್ರಿಕೆ ಹೊಟ್ಟೆಯ ಮೇಲೆ ಕವಚಿ ಬಿದ್ದಿರುತ್ತಿತ್ತು.

2004ರ ಒಂದು ಮಧ್ಯಾಹ್ನ ಆ ಪತ್ರಿಕೆ ಕುಣಿಯುತ್ತಿರುವುದನ್ನು ಮೊದಲು ಕಂಡದ್ದು ಬಡೀ ಅಮ್ಮಿ. ಉಸಿರಿನ ಜೊತೆ ಮೆಲ್ಲನೆ ಏರಿಳಿಯುವುದಲ್ಲ. ಗಡಿಯಾರದ ಹಾಗೆ, ಟಕ್ ಟಕ್ ಎಂದು ಹೊಕ್ಕುಳಿನ ಮೇಲುಗಡೆ ಏನೋ ಒಳಗಿನಿಂದ ಬಡಿಯುತ್ತಿತ್ತು. ಎಬ್ಬಿಸಿ ಕೇಳಿದರೆ ಅವರ ಉತ್ತರ ಸಿದ್ಧವಾಗಿತ್ತು: "ಕುಛ್ ನೈ, ಗ್ಯಾಸ್."

ಮಂಗಳೂರಿನಲ್ಲಿ ಎದೆಯಿಂದ ಹೊಟ್ಟೆಯವರೆಗೆ ಆಗುವ ಎಲ್ಲ ತೊಂದರೆಗೂ ನಾವು ಇಟ್ಟಿರುವ ಹೆಸರು ಗ್ಯಾಸ್. ಅದಕ್ಕೆ ಓಮದ ನೀರು, ಸೋಡಾ, ಒಂದು ಮಾತ್ರೆ. ಆದರೆ ಬಡೀ ಅಮ್ಮಿ ಬಿಡಲಿಲ್ಲ. ಸ್ಕ್ಯಾನ್ ಆಯಿತು. ಹೊಟ್ಟೆಯೊಳಗಿನ ಮಹಾಪಧಮನಿ ಒಂದು ಕಡೆ ಉಬ್ಬಿದೆ, ಅಗಲ 4.6 ಸೆಂಟಿಮೀಟರ್ ಎಂದು ವರದಿ ಬಂತು. ವೈದ್ಯರು ಹೇಳಿದ ಮಾತು ನಮಗೆಲ್ಲ ವಿಚಿತ್ರವೆನಿಸಿತು. "ಈಗ ಆಪರೇಷನ್ ಬೇಡ. ಆರು ತಿಂಗಳಿಗೊಮ್ಮೆ ಅಳತೆ ತೆಗೆಯೋಣ. ಬೀಡಿ ಬಿಡಿ. ಬಿಪಿ ಮಾತ್ರೆ ತಪ್ಪಿಸಬೇಡಿ."

ಕಾಯಿಲೆ ಇದೆ ಎನ್ನುತ್ತಾರೆ, ಚಿಕಿತ್ಸೆ ಬೇಡ ಎನ್ನುತ್ತಾರೆ! ಇದೆಂಥ ವೈದ್ಯ ಎಂದು ಮನೆಯಲ್ಲಿ ಚರ್ಚೆ. ದರ್ಜಿಯಾದ ಬಡೇ ಅಬ್ಬಾ ಮಾತ್ರ ನಕ್ಕು, "ನನ್ನ ಟೇಪು ಈಗ ಅವರ ಕೈಗೆ ಹೋಯಿತು ಬೇಟಾ" ಎಂದರು.

ಆ 'ಈಗ ಬೇಡ' ಎಂಬ ಮಾತಿನ ಹಿಂದೆ ಎರಡು ಸಾವಿರ ವರ್ಷಗಳ ಇತಿಹಾಸ ಇದೆಯೆಂದು ನನಗೆ ತಿಳಿದದ್ದು ಬಹಳ ತಡವಾಗಿ. ತಿಳಿದಷ್ಟನ್ನು ಓದುಗರ ಮುಂದೆ ಇಡುತ್ತಿದ್ದೇನೆ.

ರಕ್ತದ ತಾಯಿ

ಹೃದಯದ ಎಡಭಾಗದಿಂದ ಹೊರಟು, ಎದೆಯೊಳಗೆ ಕೊಡೆಯ ಹಿಡಿಯಂತೆ ಬಾಗಿ, ಬೆನ್ನೆಲುಬಿನ ಮುಂದಿನಿಂದ ಇಳಿದು, ಹೊಕ್ಕುಳಿನ ಮಟ್ಟದಲ್ಲಿ ಎರಡಾಗಿ ಕವಲೊಡೆಯುವ ದೊಡ್ಡ ರಕ್ತನಾಳವೇ ಮಹಾಪಧಮನಿ. ವೈದ್ಯರ ಭಾಷೆಯಲ್ಲಿ ಅಯೋರ್ಟಾ. ಉರ್ದುವಿನಲ್ಲಿ ಜೀವದ ಮುಖ್ಯ ನಾಳವನ್ನು 'ಶಹ್‌ರಗ್' ಎನ್ನುತ್ತೇವೆ, ನಾಳಗಳ ರಾಜ. ಹೊಟ್ಟೆಯ ಭಾಗದಲ್ಲಿ ಇದರ ಸಹಜ ಅಗಲ ಸುಮಾರು 2 ಸೆಂಟಿಮೀಟರ್. ಅದು 3 ಸೆಂಟಿಮೀಟರಿಗೆ ಹಿಗ್ಗಿತೆಂದರೆ ಅನ್ಯೂರಿಸಂ ಎಂದು ಕರೆಯುತ್ತಾರೆ. ಗ್ರೀಕ್ ಮೂಲದ ಈ ಪದಕ್ಕೆ ಹಿಗ್ಗುವಿಕೆ ಎಂದೇ ಅರ್ಥ. ಅರಬಿಯಲ್ಲಿ ಇದಕ್ಕೆ 'ಉಮ್ಮುದ್ದಮ್' ಎನ್ನುತ್ತಾರೆ. ಅಂದರೆ ರಕ್ತದ ತಾಯಿ. ಕಥೆ ಬರೆಯುವವನಾದ ನನಗೆ ಈ ಹೆಸರು ಮರೆಯಲಾಗದಂತೆ ಅಂಟಿಕೊಂಡಿದೆ.

ಹಳೆಯ ಸೈಕಲ್ ಟ್ಯೂಬನ್ನು ನೆನಪಿಸಿಕೊಳ್ಳಿ. ಗಾಳಿ ಹೊಡೆದಾಗ ಒಂದು ಕಡೆ ರಬ್ಬರ್ ಸವೆದಿದ್ದರೆ ಅಲ್ಲಿ ಗುಳ್ಳೆಯಂತೆ ಉಬ್ಬುತ್ತದೆ. ಉಬ್ಬಿದಷ್ಟೂ ಅಲ್ಲಿನ ರಬ್ಬರ್ ತೆಳುವಾಗುತ್ತದೆ, ತೆಳುವಾದಷ್ಟೂ ಇನ್ನೂ ಉಬ್ಬುತ್ತದೆ. ಫ್ರಾನ್ಸಿನ ಗಣಿತಜ್ಞ ಲಾಪ್ಲಾಸ್ ಹೆಸರಿನಲ್ಲಿರುವ ನಿಯಮ ಇದನ್ನೇ ಹೇಳುತ್ತದೆ: ಒತ್ತಡ ಅಷ್ಟೇ ಇದ್ದರೂ ಕೊಳವೆಯ ಅಗಲ ಹೆಚ್ಚಿದಂತೆ ಅದರ ಗೋಡೆಯ ಮೇಲಿನ ಎಳೆತ ಹೆಚ್ಚುತ್ತದೆ. ಹಾಗಾಗಿ ಈ ಕಾಯಿಲೆಯಲ್ಲಿ ಎಲ್ಲ ಪ್ರಶ್ನೆಗಳೂ ಕೊನೆಗೆ ಒಂದು ಅಳತೆಗೆ ಬಂದು ನಿಲ್ಲುತ್ತವೆ. ಎಷ್ಟು ಸೆಂಟಿಮೀಟರ್?

ಮುಟ್ಟಬೇಡಿ ಎಂದ ಹಿರಿಯರು

ನಾಡಿಯಂತೆ ಬಡಿಯುವ ಗಡ್ಡೆಯನ್ನು ಹಿಂದಿನವರು ಬಲ್ಲವರಾಗಿದ್ದರು. ಸುಶ್ರುತ ಸಂಹಿತೆಯಲ್ಲಿ ಸಿರೆಯಿಂದ ಹುಟ್ಟುವ ಗ್ರಂಥಿಯ ಪ್ರಸ್ತಾಪವಿದೆ. ಇಂದಿನ ಅನೇಕರು ಅದನ್ನು ಅನ್ಯೂರಿಸಂ ಜೊತೆ ಹೋಲಿಸುತ್ತಾರೆ. ನೋವಿದ್ದು ಅಲುಗಾಡುವಂತಿದ್ದರೆ ಕಷ್ಟಪಟ್ಟು ಗುಣಪಡಿಸಬಹುದು. ನೋವಿಲ್ಲದೆ, ಅಲುಗದೆ, ದೊಡ್ಡದಾಗಿ ಮರ್ಮಸ್ಥಾನದಲ್ಲಿದ್ದರೆ ಅದನ್ನು ವೈದ್ಯ ಕೈಬಿಡಬೇಕು ಎಂಬುದು ಅಲ್ಲಿನ ಅಭಿಪ್ರಾಯ. ನೋವಿಲ್ಲದ್ದೇ ಹೆಚ್ಚು ಅಪಾಯದ್ದು ಎಂಬ ಆ ಮಾತನ್ನು ಓದುಗರು ಗಮನದಲ್ಲಿಟ್ಟುಕೊಳ್ಳಬೇಕು. ನಮ್ಮ ಮನೆಯಲ್ಲಿ ನಾವು ಎಡವಿದ್ದು ಅಲ್ಲೇ.

ಕ್ರಿ.ಶ. 2ನೇ ಶತಮಾನದಲ್ಲಿ ಗ್ಯಾಲನ್ ಈ ಉಬ್ಬನ್ನು ವಿವರಿಸಿದ. ಅದೇ ಕಾಲದ ಆಂಟಿಲಸ್ ಎಂಬ ಗ್ರೀಕ್ ವೈದ್ಯ ಕೈಕಾಲುಗಳ ಉಬ್ಬಿಗೆ ಒಂದು ಉಪಾಯ ಕಂಡುಕೊಂಡ. ಉಬ್ಬಿನ ಮೇಲೆ ಮತ್ತು ಕೆಳಗೆ ನಾಳವನ್ನು ದಾರದಿಂದ ಕಟ್ಟಿ, ನಡುವೆ ಕೊಯ್ದು, ಒಳಗಿನ ಹೆಪ್ಪು ತೆಗೆಯುವುದು. 7ನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದಲ್ಲಿದ್ದ ಏಜಿನಾದ ಪಾಲ್ ಈ ವಿದ್ಯೆಯನ್ನು ತನ್ನ ಗ್ರಂಥದಲ್ಲಿ ಉಳಿಸಿದ.

ಮುಂದೆ ಬಗ್ದಾದಿನಲ್ಲಿ ನಡೆದದ್ದು ಮನುಷ್ಯಕುಲದ ದೊಡ್ಡ ಕೂಡುಕೆಲಸಗಳಲ್ಲಿ ಒಂದು. ಹಾರೂನ್ ರಶೀದನ ವಜೀರನಾಗಿದ್ದ ಯಹ್ಯಾ ಬರ್ಮಕಿಯ ಅಪ್ಪಣೆಯಂತೆ ಮಂಕ ಎಂಬ ಭಾರತೀಯ ವೈದ್ಯ ಸುಶ್ರುತನ ಗ್ರಂಥವನ್ನು ಅರಬಿಗೆ ತಂದ. 9ನೇ ಶತಮಾನದಲ್ಲಿ ಕ್ರೈಸ್ತ ವಿದ್ವಾಂಸ ಹುನೈನ್ ಇಬ್ನ್ ಇಸ್ಹಾಕ್ ಪಾಲ್‌ನ ಗ್ರಂಥವನ್ನು ಅನುವಾದಿಸಿದ. ಗ್ರೀಸ್ ಮತ್ತು ಭಾರತದ ಜ್ಞಾನ ಒಂದೇ ಊರಿನಲ್ಲಿ, ಒಂದೇ ಭಾಷೆಯಲ್ಲಿ ಸೇರಿತು. ಅನುವಾದಿಸಿದವರು ಯಾವ ಮತದವರು ಎಂದು ಅಂದಿನ ಓದುಗರು ಕೇಳಿ ಪುಸ್ತಕ ಮುಚ್ಚಿಡಲಿಲ್ಲ.

ಕದ್ರಿಯ ದೇವಸ್ಥಾನದಲ್ಲಿ ಲೋಕೇಶ್ವರನ ಕಂಚಿನ ವಿಗ್ರಹವಿದೆ. ಆಳುಪ ದೊರೆ ಕುಂದವರ್ಮ ಅದನ್ನು ಪ್ರತಿಷ್ಠಾಪಿಸಿದನೆಂದು ಹೇಳುವ, ಕ್ರಿ.ಶ. 968ಕ್ಕೆ ಸೇರಿಸಲಾಗುವ ಶಾಸನ ಅದರ ಪೀಠದಲ್ಲಿದೆ. ಆ ಕಂಚು ಕದ್ರಿಗೆ ಬಂದ ಹೊತ್ತಿನಲ್ಲಿ, ಸಮುದ್ರಗಳಾಚೆ ಸ್ಪೇನಿನ ಕೊರ್ಡೊವಾ ಬಳಿ ಮೂವತ್ತರ ಆಸುಪಾಸಿನ ಒಬ್ಬ ವೈದ್ಯನಿದ್ದ. ಅಬುಲ್ ಕಾಸಿಂ ಅಲ್ ಝಹ್ರಾವಿ. ಆತ 1000ದ ಸುಮಾರಿಗೆ ಮುಗಿಸಿದ 'ಕಿತಾಬುತ್ತಸ್ರೀಫ್' ಎಂಬ ಮೂವತ್ತು ಭಾಗಗಳ ವೈದ್ಯಗ್ರಂಥದ ಕೊನೆಯ ಭಾಗ ಪೂರ್ತಿ ಶಸ್ತ್ರಚಿಕಿತ್ಸೆಗೆ ಮೀಸಲು. ಸುಮಾರು 200 ಉಪಕರಣಗಳ ಚಿತ್ರಗಳು ಅದರಲ್ಲಿವೆ. ರಕ್ತನಾಳದ ಉಬ್ಬನ್ನು ಹೇಗೆ ಗುರುತಿಸಬೇಕು, ಕೈಕಾಲಿನಲ್ಲಿದ್ದರೆ ಹೇಗೆ ಕಟ್ಟಿ ತೆಗೆಯಬೇಕು ಎಂಬುದನ್ನು ಆತ ಬರೆದ. ಜೊತೆಗೆ ಒಂದು ಎಚ್ಚರಿಕೆಯನ್ನೂ ಕೊಟ್ಟ: ಕಂಕುಳು, ತೊಡೆಸಂದು, ಕುತ್ತಿಗೆ ಮುಂತಾದ ಜಾಗದ ದೊಡ್ಡ ಉಬ್ಬುಗಳಿಗೆ ಕತ್ತಿ ಹಾಕಬೇಡಿ. 12ನೇ ಶತಮಾನದಲ್ಲಿ ಟೊಲೆಡೊದಲ್ಲಿ ಕ್ರೆಮೋನಾದ ಜೆರಾರ್ಡ್ ಈ ಭಾಗವನ್ನು ಲ್ಯಾಟಿನ್‌ಗೆ ತಂದ ಮೇಲೆ ಯುರೋಪಿನ ಶಸ್ತ್ರವೈದ್ಯರು ತಲೆಮಾರುಗಳ ಕಾಲ ಅದನ್ನು ಓದಿದರು.

ಉಪಕರಣ ಕೈಯಲ್ಲಿದ್ದೂ ಅದನ್ನು ಕೆಳಗಿಡಬೇಕಾದ ಹೊತ್ತು ಯಾವುದೆಂದು ಬಲ್ಲವನೇ ನಿಜವಾದ ಶಸ್ತ್ರವೈದ್ಯ. ಸುಶ್ರುತ, ಝಹ್ರಾವಿ ಇಬ್ಬರೂ ಈ ವಿಷಯದಲ್ಲಿ ಒಂದೇ ಪಾಠ ಹೇಳಿದರು. ಆದರೆ ಅವರ ಕಾಲದಲ್ಲಿ 'ಮುಟ್ಟಬೇಡಿ' ಎಂದರೆ ರೋಗಿಯನ್ನು ದೇವರಿಗೆ ಒಪ್ಪಿಸಿದಂತೆ. ಇಂದಿನ ವೈದ್ಯರು 'ಈಗ ಬೇಡ' ಎನ್ನುವಾಗ ಅದರ ಅರ್ಥ ಬೇರೆ. ಆ ವ್ಯತ್ಯಾಸಕ್ಕೆ ಇನ್ನೂ ಸಾವಿರ ವರ್ಷ ಬೇಕಾಯಿತು.

ದಾರ, ತಂತಿ, ಬಟ್ಟೆ

ದೇಹದ ಒಳಗೆ ಅಡಗಿರುವ ಮಹಾಪಧಮನಿಯ ಉಬ್ಬನ್ನು ಬದುಕಿರುವ ರೋಗಿಯಲ್ಲಿ ಗುರುತಿಸಿದ್ದು 1555ರಲ್ಲಿ, ಅಂಗರಚನಾಶಾಸ್ತ್ರದ ಪಿತಾಮಹನೆನಿಸಿದ ವೆಸಾಲಿಯಸ್. ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ಬೆನ್ನಿನ ಬಳಿ ಬಡಿಯುತ್ತಿದ್ದ ಗಡ್ಡೆಯನ್ನು ನೋಡಿ ಆತ ಕಾಯಿಲೆ ಹೇಳಿದ. ರೋಗಿ ಸತ್ತ ಮೇಲೆ ದೇಹ ತೆರೆದಾಗ ಮಾತು ನಿಜವಾಗಿತ್ತು. ಗುರುತಿಸುವುದೇನೋ ಸಾಧ್ಯವಾಯಿತು, ಉಳಿಸುವುದು ಸಾಧ್ಯವಾಗಲಿಲ್ಲ. ದೊರೆಗಳಿಗೂ ಇದರಿಂದ ವಿನಾಯಿತಿ ಇರಲಿಲ್ಲ. ಇಂಗ್ಲೆಂಡಿನ ಎರಡನೇ ಜಾರ್ಜ್ 1760ರ ಅಕ್ಟೋಬರ್ 25ರ ಬೆಳಿಗ್ಗೆ ಶೌಚಕ್ಕೆ ಹೋದವನು ಅಲ್ಲೇ ಬಿದ್ದು ಸತ್ತ. ದೇಹ ಪರೀಕ್ಷಿಸಿದ ಫ್ರಾಂಕ್ ನಿಕೋಲ್ಸ್, ಮಹಾಪಧಮನಿಯ ಒಳಪದರ ಸೀಳಿರುವುದನ್ನು ಕಂಡು ಬರೆದಿಟ್ಟ.

1784ರ ಮಾರ್ಚ್ 11ರಂದು ಟಿಪ್ಪು ಸುಲ್ತಾನ್ ಮತ್ತು ಈಸ್ಟ್ ಇಂಡಿಯಾ ಕಂಪನಿಯ ನಡುವೆ ಮಂಗಳೂರಿನ ಒಪ್ಪಂದವಾಯಿತು. ಮರುವರ್ಷ, 1785ರ ಡಿಸೆಂಬರಿನಲ್ಲಿ ಲಂಡನ್ನಿನಲ್ಲಿ ಜಾನ್ ಹಂಟರ್ ಎಂಬ ಶಸ್ತ್ರವೈದ್ಯ ಒಬ್ಬ ಕುದುರೆಗಾಡಿ ಚಾಲಕನ ಮಂಡಿಯ ಹಿಂದಿನ ಉಬ್ಬಿಗೆ ಹೊಸ ದಾರಿ ಹುಡುಕಿದ. ಉಬ್ಬನ್ನು ಮುಟ್ಟದೆ, ಅದಕ್ಕಿಂತ ಮೇಲೆ ತೊಡೆಯಲ್ಲಿ, ಆರೋಗ್ಯವಾಗಿದ್ದ ಕಡೆ ನಾಳವನ್ನು ಕಟ್ಟಿದ. ಸಣ್ಣ ನಾಳಗಳು ಸುತ್ತುದಾರಿಯಲ್ಲಿ ರಕ್ತ ಒಯ್ದವು. ಕಾಲು ಕತ್ತರಿಸಬೇಕಾಗಿದ್ದ ಮನುಷ್ಯ ನಡೆದುಕೊಂಡು ಮನೆಗೆ ಹೋದ.

ಆದರೆ ಮಹಾಪಧಮನಿಗೆ ಸುತ್ತುದಾರಿ ಎಲ್ಲಿಯದು? ಹಂಟರನ ಶಿಷ್ಯ ಆಸ್ಟ್ಲಿ ಕೂಪರ್ 1817ರಲ್ಲಿ ಅದನ್ನೇ ಕಟ್ಟಿ ನೋಡಿದ. ರೋಗಿ ಎರಡು ದಿನವೂ ಬದುಕಲಿಲ್ಲ. 1864ರಲ್ಲಿ ಲಂಡನ್ನಿನ ಚಾರ್ಲ್ಸ್ ಮೂರ್ ಉಬ್ಬಿನೊಳಗೆ ಗಜಗಟ್ಟಲೆ ಸಣ್ಣ ಕಬ್ಬಿಣದ ತಂತಿ ತುರುಕಿ ರಕ್ತ ಹೆಪ್ಪುಗಟ್ಟಿಸಲು ಯತ್ನಿಸಿದ. ಆ ರೋಗಿಯೂ ಉಳಿಯಲಿಲ್ಲ. ಇದೇ ಕಾಲದಲ್ಲಿ ನಮ್ಮ ಊರಿನಲ್ಲಿ ಆಸ್ಪತ್ರೆಗಳು ಕಣ್ಣು ಬಿಡುತ್ತಿದ್ದವು. ಮುಂದೆ ವೆನ್ಲಾಕ್ ಎಂಬ ಹೆಸರು ಪಡೆದ ಸರಕಾರಿ ಆಸ್ಪತ್ರೆಯ ಆರಂಭ 1848ರಲ್ಲಿ. ಫಾದರ್ ಮುಲ್ಲರ್ ಕಂಕನಾಡಿಯಲ್ಲಿ ಔಷಧ ಕೊಡಲು ತೊಡಗಿದ್ದು 1880ರಲ್ಲಿ. ಅಂದು ಹೊಟ್ಟೆಯಲ್ಲಿ ಬಡಿಯುವ ಗಡ್ಡೆಯೊಂದಿಗೆ ಬಂದವನಿಗೆ ಲಂಡನ್ನಿನಲ್ಲಾಗಲಿ ಮಂಗಳೂರಿನಲ್ಲಾಗಲಿ ಸಿಗುತ್ತಿದ್ದ ಉತ್ತರ ಒಂದೇ ಆಗಿತ್ತು.

ಆ ಉತ್ತರ ಬದಲಾದದ್ದು 1951ರ ಮಾರ್ಚ್ 29ರಂದು. ಪ್ಯಾರಿಸ್ಸಿನಲ್ಲಿ ಚಾರ್ಲ್ಸ್ ದ್ಯುಬೋಸ್ಟ್ ಹೊಟ್ಟೆಯ ಮಹಾಪಧಮನಿಯ ಉಬ್ಬಿದ ಭಾಗವನ್ನು ಕತ್ತರಿಸಿ ತೆಗೆದು, ಆ ಜಾಗದಲ್ಲಿ ಮೃತ ವ್ಯಕ್ತಿಯಿಂದ ತೆಗೆದು ಕಾಪಿಟ್ಟಿದ್ದ ನಾಳದ ತುಂಡನ್ನು ಹೊಲಿದ. ರೋಗಿ ಬದುಕಿದ. ಆದರೆ ಎಷ್ಟು ಮಂದಿಗೆ ಮೃತರ ನಾಳ ಒದಗಿಸಲು ಸಾಧ್ಯ? ಅಮೆರಿಕದ ಆರ್ಥರ್ ವೂರ್ಹೀಸ್, ನಾಯಿಯ ಹೃದಯದೊಳಗೆ ಬಿಟ್ಟಿದ್ದ ರೇಷ್ಮೆ ದಾರದ ಮೇಲೆ ಹೊಳೆಯುವ ಹೊಸ ಪದರ ಬೆಳೆದಿರುವುದನ್ನು ಕಂಡಿದ್ದ. ದಾರದ ಮೇಲೆ ಬೆಳೆಯುವುದಾದರೆ ಬಟ್ಟೆಯ ಮೇಲೂ ಬೆಳೆಯಬೇಕಲ್ಲ! 1952ರಲ್ಲಿ ಆತ ಬಟ್ಟೆಯ ಕೊಳವೆಯ ಪ್ರಯೋಗವನ್ನು ಪ್ರಕಟಿಸಿದ.

ಹ್ಯೂಸ್ಟನ್ನಿನಲ್ಲಿದ್ದ ಮೈಕಲ್ ಡಿಬೇಕಿ ಇದನ್ನು ಮುಂದುವರಿಸಿದ. ಲೆಬನಾನಿನಿಂದ ವಲಸೆ ಹೋದ ಅರಬ್ ಕ್ರೈಸ್ತ ದಂಪತಿಯ ಮಗ ಆತ. ಹೊಲಿಗೆ ಕಲಿಸಿದ್ದು ತಾಯಿ. ಬಟ್ಟೆ ಅಂಗಡಿಗೆ ಹೋಗಿ ನೈಲಾನ್ ಕೇಳಿದಾಗ ಅದು ಮುಗಿದಿತ್ತಂತೆ. ಡೇಕ್ರಾನ್ ಎಂಬ ಹೊಸ ಬಟ್ಟೆ ಇದೆ ಎಂದರಂತೆ. ಅದನ್ನೇ ಕೊಂಡು ತಂದು, ಮನೆಯ ಹೊಲಿಗೆ ಯಂತ್ರದಲ್ಲಿ ಕೊಳವೆ ಹೊಲಿದ. ಇಂದಿಗೂ ತೆರೆದ ಶಸ್ತ್ರಚಿಕಿತ್ಸೆಯಲ್ಲಿ ಹೆಚ್ಚಾಗಿ ಬಳಸುವುದು ಆ ಜಾತಿಯ ಬಟ್ಟೆಯ ಕೊಳವೆಯನ್ನೇ. ಒಬ್ಬ ದರ್ಜಿಯ ಮನೆಯಲ್ಲಿ ಬೆಳೆದ ನನಗೆ ಈ ಸಂಗತಿ ಓದಿದ ದಿನ ಬಹಳ ಹೊತ್ತು ಬೇರೇನೂ ಓದಲಾಗಲಿಲ್ಲ.

ಕೊನೆಯ ದೊಡ್ಡ ತಿರುವು ಹೊಟ್ಟೆ ಕೊಯ್ಯದೆಯೇ ಮಾಡುವ ಚಿಕಿತ್ಸೆ. ತೊಡೆಸಂದಿನ ನಾಳದ ಮೂಲಕ ಮಡಚಿದ ಬಟ್ಟೆಯ ಕೊಳವೆಯನ್ನು ಒಳಗೆ ಒಯ್ದು, ಉಬ್ಬಿದ ಕಡೆ ಸ್ಟೆಂಟಿನ ನೆರವಿನಿಂದ ಬಿಡಿಸುವುದು. 1987ರಲ್ಲಿ ಖಾರ್ಕಿವ್ ನಗರದ ನಿಕೊಲಾಯ್ ವೊಲೊಡೋಸ್ ಎದೆಯ ಭಾಗದಲ್ಲಿ, 1990ರ ಸೆಪ್ಟೆಂಬರಿನಲ್ಲಿ ಬ್ಯೂನಸ್ ಐರಿಸ್‌ನ ಹುವಾನ್ ಪರೋಡಿ ಹೊಟ್ಟೆಯ ಭಾಗದಲ್ಲಿ ಇದನ್ನು ಮಾಡಿ ತೋರಿಸಿದರು. ಝಹ್ರಾವಿ ಕತ್ತಿ ಹಾಕಬೇಡಿ ಎಂದಿದ್ದ ತೊಡೆಸಂದೇ ಇಂದು ಒಳಹೋಗುವ ಬಾಗಿಲು!

ಬೇಡ ಎಂದವರಿಬ್ಬರು

ಆಲ್ಬರ್ಟ್ ಐನ್‌ಸ್ಟೀನ್‌ಗೂ ಇದೇ ಕಾಯಿಲೆ ಇತ್ತು. 1948ರಲ್ಲಿ ನ್ಯೂಯಾರ್ಕಿನಲ್ಲಿ ರುಡಾಲ್ಫ್ ನಿಸ್ಸೆನ್ ಅವರ ಹೊಟ್ಟೆ ತೆರೆದು, ಉಬ್ಬು ಬಲಗೊಳ್ಳಲಿ ಎಂದು ಅದಕ್ಕೆ ಸೆಲೊಫೇನ್ ಹಾಳೆ ಸುತ್ತಿದರು. ನಿಸ್ಸೆನ್ ಹಿಟ್ಲರನ ಜರ್ಮನಿಯಿಂದ 1933ರಲ್ಲಿ ತಪ್ಪಿಸಿಕೊಂಡ ಯಹೂದಿ ವೈದ್ಯ. ಮೊದಲು ಅವರಿಗೆ ಕೆಲಸ ಮತ್ತು ನೆಲೆ ಕೊಟ್ಟದ್ದು ಇಸ್ತಾಂಬುಲ್ ವಿಶ್ವವಿದ್ಯಾಲಯ. ಆ ಹಾಳೆಯೊಂದಿಗೆ ಐನ್‌ಸ್ಟೀನ್ ಆರು ವರ್ಷಗಳಿಗೂ ಹೆಚ್ಚು ಬದುಕಿದರು. 1955ರ ಏಪ್ರಿಲಿನಲ್ಲಿ ಉಬ್ಬು ಸೋರತೊಡಗಿತು. ಅಷ್ಟರಲ್ಲಿ ಹೊಸ ಶಸ್ತ್ರಚಿಕಿತ್ಸೆ ಬಂದಿತ್ತು, ವೈದ್ಯರು ಮಾಡಲು ಸಿದ್ಧರಿದ್ದರು. ಅವರು ಒಪ್ಪಲಿಲ್ಲ. ಏಪ್ರಿಲ್ 18ರಂದು, 76ನೇ ವಯಸ್ಸಿನಲ್ಲಿ ತೀರಿಕೊಂಡರು.

ಎರಡನೆಯವರು ಸ್ವತಃ ಡಿಬೇಕಿ. 2005ರ ಡಿಸೆಂಬರ್ 31ರಂದು, 97ರ ವಯಸ್ಸಿನಲ್ಲಿ, ಅವರಿಗೆ ಎದೆ ಸೀಳುವಂಥ ನೋವು ಬಂತು. ಜೀವಮಾನವಿಡೀ ತಾನು ರಿಪೇರಿ ಮಾಡಿದ ಮಹಾಪಧಮನಿಯೇ ಸೀಳಿದೆಯೆಂದು ಅವರಿಗೆ ಅರ್ಥವಾಯಿತು. ಶಸ್ತ್ರಚಿಕಿತ್ಸೆಗೆ ಅವರು ಒಪ್ಪಲಿಲ್ಲ. ಪ್ರಜ್ಞೆ ತಪ್ಪುವ ಸ್ಥಿತಿ ಬಂದಾಗ, ಮಾಡಬೇಕೋ ಬೇಡವೋ ಎಂದು ಆಸ್ಪತ್ರೆಯ ನೀತಿ ಸಮಿತಿ ಚರ್ಚಿಸಿತು. ಕೊನೆಗೆ 2006ರ ಫೆಬ್ರವರಿಯಲ್ಲಿ ಅವರ ಶಿಷ್ಯವರ್ಗವೇ ಆಪರೇಷನ್ ಮಾಡಿತು. ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದು ಗುಣವಾದ ಡಿಬೇಕಿ, ಮಾಡಿದ್ದು ಒಳ್ಳೆಯದೇ ಆಯಿತು ಎಂದರು. 2008ರ ಜುಲೈ 11ರವರೆಗೆ ಬದುಕಿದರು.

ಬೇಡ ಎನ್ನುವ ಹಕ್ಕು ರೋಗಿಗಿದೆ. ಆದರೆ ತಿಳಿದು ಬೇಡ ಎನ್ನುವುದು ಬೇರೆ, ಹೆದರಿ ಬೇಡ ಎನ್ನುವುದು ಬೇರೆ. ಸುಮ್ಮನೆ ಮುಂದೂಡುತ್ತಾ ಹೋಗುವುದು ಇವೆರಡಕ್ಕಿಂತಲೂ ಬೇರೆ.

ಅಳತೆ ಹೇಳುವುದೇನು?

ಹಾಗಾದರೆ ಆಪರೇಷನ್ ಯಾವಾಗ? ಬಟ್ಟೆಯ ಕೊಳವೆ ಸಿಕ್ಕಿದ ಮೇಲೆ ಕಂಡದ್ದನ್ನೆಲ್ಲ ಕೊಯ್ಯುವ ಉತ್ಸಾಹವೂ ಬಂದಿತ್ತು. ಅದಕ್ಕೆ ಕಡಿವಾಣ ಹಾಕಿದ್ದು ಎರಡು ದೊಡ್ಡ ಅಧ್ಯಯನಗಳು. 1998ರಲ್ಲಿ ಬ್ರಿಟನ್ನಿನಿಂದ ಒಂದು, 2002ರಲ್ಲಿ ಅಮೆರಿಕದಿಂದ ಇನ್ನೊಂದು. ಹೊಟ್ಟೆಯ ಉಬ್ಬು 4ರಿಂದ 5.5 ಸೆಂಟಿಮೀಟರ್ ನಡುವೆ ಇರುವವರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಕೂಡಲೇ ಆಪರೇಷನ್, ಇನ್ನೊಂದಕ್ಕೆ ಕ್ರಮವಾಗಿ ಸ್ಕ್ಯಾನ್ ಮಾಡುತ್ತಾ ಕಾಯುವುದು. ಬೇಗ ಕೊಯ್ದವರು ಹೆಚ್ಚು ಕಾಲ ಬದುಕಲಿಲ್ಲ. ಅಂದರೆ ಸಣ್ಣ ಉಬ್ಬಿನಲ್ಲಿ ಕಾಯುವುದು ನಿರ್ಲಕ್ಷ್ಯವಲ್ಲ, ಅದೂ ಚಿಕಿತ್ಸೆಯೇ. ಬಡೇ ಅಬ್ಬಾರ ವೈದ್ಯರು 4.6ಕ್ಕೆ 'ಈಗ ಬೇಡ' ಎಂದದ್ದು ಇದೇ ತಿಳಿವಳಿಕೆಯಿಂದ.

ಇಂದು ಸಾಮಾನ್ಯವಾಗಿ ಅನುಸರಿಸುವ ಲೆಕ್ಕ ಹೀಗಿದೆ. ಹೊಟ್ಟೆಯ ಮಹಾಪಧಮನಿಯ ಉಬ್ಬು ಗಂಡಸರಲ್ಲಿ 5.5 ಸೆಂಟಿಮೀಟರ್, ಹೆಂಗಸರಲ್ಲಿ 5 ಸೆಂಟಿಮೀಟರ್ ತಲುಪಿದರೆ ಶಸ್ತ್ರಚಿಕಿತ್ಸೆಯ ಯೋಚನೆ ಮಾಡಬೇಕು. ಹೆಂಗಸರಲ್ಲಿ ಉಬ್ಬು ಚಿಕ್ಕದಿರುವಾಗಲೇ ಒಡೆಯುವ ಸಂಭವ ಹೆಚ್ಚು. ಹೃದಯದಿಂದ ಮೇಲೇರುವ ಭಾಗದಲ್ಲಿ ಸಾಮಾನ್ಯ ಮಿತಿ 5.5. ಅನುಭವಿ ತಂಡವಿದ್ದರೆ 5ಕ್ಕೇ ಮಾಡಬಹುದೆಂದು 2022ರ ಅಮೆರಿಕನ್ ಮಾರ್ಗಸೂಚಿ ಹೇಳುತ್ತದೆ. ಮಾರ್ಫಾನ್ ಸಿಂಡ್ರೋಮ್ ಎಂಬ ವಂಶಪಾರಂಪರ್ಯದ ತೊಂದರೆ ಇರುವವರಲ್ಲಿ ಮಿತಿ ಇನ್ನೂ ಕೆಳಗೆ, 5 ಅಥವಾ ಅದಕ್ಕಿಂತ ಕಡಿಮೆ. ಅಸಾಮಾನ್ಯ ಎತ್ತರ, ಉದ್ದನೆಯ ಕೈಬೆರಳು, ಕಣ್ಣಿನ ಮಸೂರದ ತೊಂದರೆ ಇದರ ಲಕ್ಷಣಗಳು. ಅಮೆರಿಕದ ವಾಲಿಬಾಲ್ ತಾರೆ ಫ್ಲೋ ಹೈಮನ್ 1986ರಲ್ಲಿ ಜಪಾನಿನಲ್ಲಿ ಪಂದ್ಯದ ನಡುವೆ ಕುಸಿದು ತೀರಿಕೊಂಡದ್ದು ಇದರಿಂದಲೇ. ಆಕೆಗೆ 31 ವರ್ಷ. ಕಾಯಿಲೆ ಇದೆಯೆಂದು ಆಕೆಗೆ ಗೊತ್ತೇ ಇರಲಿಲ್ಲ.

ಅಳತೆಯ ಜೊತೆ ವೇಗವನ್ನೂ ನೋಡಬೇಕು. ಕಡಿಮೆ ಅವಧಿಯಲ್ಲಿ ಬೇಗ ಬೆಳೆಯುತ್ತಿದ್ದರೆ, ಉದಾಹರಣೆಗೆ ಹೊಟ್ಟೆಯ ಉಬ್ಬು ಆರು ತಿಂಗಳಲ್ಲಿ ಅರ್ಧ ಸೆಂಟಿಮೀಟರ್ ಹೆಚ್ಚಿದರೆ, ಮಿತಿ ಮುಟ್ಟುವವರೆಗೆ ಕಾಯುವುದಿಲ್ಲ. ಉಬ್ಬಿದ್ದವರಿಗೆ ಹೊಸದಾಗಿ ಹೊಟ್ಟೆ, ಬೆನ್ನು ಅಥವಾ ಎದೆ ನೋವು ಬಂದರೆ ಅಳತೆ ಎಷ್ಟೇ ಇರಲಿ, ಅದು ತುರ್ತು. ಒಡೆದ ಮೇಲೆ ಹತ್ತರಲ್ಲಿ ಸುಮಾರು ಎಂಟು ಮಂದಿ ಉಳಿಯುವುದಿಲ್ಲ; ಅವರಲ್ಲಿ ಅನೇಕರು ಆಸ್ಪತ್ರೆಯನ್ನೇ ಮುಟ್ಟುವುದಿಲ್ಲ. ಮುಂಚಿತವಾಗಿ ಯೋಜಿಸಿ ಮಾಡುವ ಆಪರೇಷನ್ನಿನಲ್ಲಿ ಚಿತ್ರ ಪೂರ್ತಿ ಬೇರೆ. 2004ರಲ್ಲಿ ಪ್ರಕಟವಾದ ಬ್ರಿಟಿಷ್ ಅಧ್ಯಯನದಲ್ಲಿ ಮೊದಲ 30 ದಿನಗಳ ಸಾವು ಹೊಟ್ಟೆ ತೆರೆದು ಮಾಡಿದವರಲ್ಲಿ ನೂರಕ್ಕೆ 4.7, ತೊಡೆಸಂದಿನ ಮೂಲಕ ಮಾಡಿದವರಲ್ಲಿ 1.7. ಎರಡನೆಯ ವಿಧಾನ ಆರಂಭದಲ್ಲಿ ಸುಲಭವಾದರೂ ಕೊಳವೆ ಸರಿಯುವುದು, ಸೋರುವುದು ಇದ್ದೇ ಇದೆ. ಬದುಕಿರುವವರೆಗೆ ಸ್ಕ್ಯಾನ್ ತಪ್ಪಿಸುವಂತಿಲ್ಲ. ಯಾರಿಗೆ ಯಾವುದು ಎಂಬುದನ್ನು ವಯಸ್ಸು, ಹೃದಯ, ಮೂತ್ರಪಿಂಡ, ಉಬ್ಬಿನ ಆಕಾರ ಎಲ್ಲ ನೋಡಿ ವೈದ್ಯರೇ ಹೇಳಬೇಕು.

ಬೀಡಿಯ ಊರಿನಲ್ಲಿ

ಹಿಂದಿನ ಕಾಲದಲ್ಲಿ ಎದೆಯ ಉಬ್ಬಿಗೆ ದೊಡ್ಡ ಕಾರಣ ಸಿಫಿಲಿಸ್ ಆಗಿತ್ತು. ಪೆನಿಸಿಲಿನ್ ಬಂದ ಮೇಲೆ ಅದು ಅಪರೂಪವಾಯಿತು. ಇಂದು ಹೊಟ್ಟೆಯ ಉಬ್ಬಿಗೆ, ನಾವು ತಪ್ಪಿಸಬಹುದಾದ ಕಾರಣಗಳಲ್ಲಿ ಮೊದಲನೆಯದು ತಂಬಾಕಿನ ಹೊಗೆ. ಆಮೇಲೆ ವಯಸ್ಸು, ಗಂಡಸಾಗಿರುವುದು, ರಕ್ತದ ಒತ್ತಡ, ಹತ್ತಿರದ ರಕ್ತಸಂಬಂಧಿಗಳಲ್ಲಿ ಈ ಕಾಯಿಲೆ ಇರುವುದು.

ಇದನ್ನು ದಕ್ಷಿಣ ಕನ್ನಡದಲ್ಲಿ ಕುಳಿತು ಬರೆಯುವಾಗ ಕೈ ತಡೆಯುತ್ತದೆ. ಬೀಡಿ ಸುತ್ತಿದ ದುಡ್ಡಿನಲ್ಲಿ ಶಾಲೆ ಕಲಿತವರು, ಮದುವೆಯಾದವರು ನಮ್ಮಲ್ಲಿ ಎಷ್ಟು ಮಂದಿ! ಮುಸ್ಲಿಂ, ಬಿಲ್ಲವ, ಕ್ರೈಸ್ತ ಎನ್ನದೆ ಎಷ್ಟೋ ಮನೆಗಳ ಒಲೆ ಉರಿದದ್ದು ಮೊರದಲ್ಲಿದ್ದ ಎಲೆ ಮತ್ತು ಸೊಪ್ಪಿನಿಂದ. ಬಡೀ ಅಮ್ಮಿಯೂ ಸುತ್ತುತ್ತಿದ್ದರು. ಅವರು ಸುತ್ತಿದ್ದನ್ನು ಬ್ರಾಂಚಿಗೆ ಕೊಟ್ಟು ಬರುತ್ತಿದ್ದರು, ಬಡೇ ಅಬ್ಬಾ ಅಂಗಡಿಯಿಂದ ಕಟ್ಟು ಕೊಂಡು ತರುತ್ತಿದ್ದರು. ಅನ್ನ ಕೊಟ್ಟದ್ದನ್ನು ಬೈಯುವುದು ಕಷ್ಟ. ಆದರೂ ಸತ್ಯ ಹೇಳಲೇಬೇಕು.

ಸಾಮಾನ್ಯ ಅಲ್ಟ್ರಾಸೌಂಡ್ ಸ್ಕ್ಯಾನ್ ಹೊಟ್ಟೆಯ ಉಬ್ಬನ್ನು ನಿಮಿಷಗಳಲ್ಲಿ ತೋರಿಸುತ್ತದೆ. ಇಂಗ್ಲೆಂಡಿನಲ್ಲಿ 2009ರಿಂದ 65 ವರ್ಷ ತುಂಬಿದ ಗಂಡಸರನ್ನು ಕರೆದು ಈ ಪರೀಕ್ಷೆ ಮಾಡುತ್ತಾರೆ. ನಮ್ಮಲ್ಲಿ ಹಾಗೆ ಕರೆಯುವವರಿಲ್ಲ, ನಾವೇ ಹೋಗಬೇಕು. ಮನೆಯಲ್ಲಿ 65 ದಾಟಿದ, ಎಂದಾದರೂ ಬೀಡಿ ಸಿಗರೇಟು ಸೇದಿದ ಹಿರಿಯರಿದ್ದರೆ ಒಮ್ಮೆ ವೈದ್ಯರಲ್ಲಿ ಕೇಳಿ. ಉಬ್ಬು ಇರುವವರು ಸಿಪ್ರೊಫ್ಲಾಕ್ಸಾಸಿನ್ ಗುಂಪಿನ ಮಾತ್ರೆಗಳ ವಿಷಯದಲ್ಲೂ ಎಚ್ಚರವಾಗಿರಬೇಕು. ಬೇರೆ ದಾರಿಯಿದ್ದರೆ ಇಂಥವರಿಗೆ ಅದನ್ನು ಕೊಡಬಾರದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2018ರ ಡಿಸೆಂಬರಿನಲ್ಲಿ ಎಚ್ಚರಿಸಿದೆ. ಮೆಡಿಕಲ್ ಅಂಗಡಿಯಲ್ಲಿ ನಾವೇ ಕೇಳಿ ತರುವ ಮಾತ್ರೆಗಳಲ್ಲಿ ಅದೂ ಒಂದು.

ದುಡ್ಡಿನ ಮಾತು ಬಿಡುವಂತಿಲ್ಲ. ಬಡೇ ಅಬ್ಬಾರ ಕಾಲದಲ್ಲಿ ಸಹಕಾರಿ ಸಂಘಗಳ ರೈತ ಸದಸ್ಯರಿಗೆ 2003ರಲ್ಲಿ ಆರಂಭವಾದ ಯಶಸ್ವಿನಿ ಇತ್ತು, ದರ್ಜಿಗೆ ಏನೂ ಇರಲಿಲ್ಲ. 2018ರಿಂದ ಇರುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆಯ ಅವಕಾಶವಿದೆ. ತಮ್ಮ ಆಪರೇಷನ್ ಅದರಲ್ಲಿ ಬರುತ್ತದೆಯೇ, ಯಾವ ಆಸ್ಪತ್ರೆಯಲ್ಲಿ ಎಂದು ಮೊದಲೇ ಕೇಳಿಕೊಳ್ಳಬೇಕು.

ನಾವು ಮುಂದೂಡಿದ ಬೇಸಿಗೆ

2006ರ ಮೇ ತಿಂಗಳ ಸ್ಕ್ಯಾನಿನಲ್ಲಿ ಬಡೇ ಅಬ್ಬಾರ ಅಳತೆ 5.7 ಬಂತು. ಎರಡು ವರ್ಷ 'ಈಗ ಬೇಡ' ಎಂದಿದ್ದ ವೈದ್ಯರು ಅಂದು 'ಈಗ' ಎಂದರು. ನಮ್ಮ ಕಿವಿ ಹಳೆಯ ಮಾತಿಗೇ ಒಗ್ಗಿಹೋಗಿತ್ತು. ಇಷ್ಟು ದಿನ ಏನೂ ಆಗಿಲ್ಲವಲ್ಲ? ನೋವೂ ಇಲ್ಲವಲ್ಲ? ಮಗಳ ನಿಕಾಹ್ ನಿಶ್ಚಯವಾಗಿದೆ, ಈದ್ ಕಳೆದ ಮೇಲೆ ನೋಡೋಣ. ನೆಂಟರೊಬ್ಬರು, "ಆಸ್ಪತ್ರೆಯವರಿಗೆ ದುಡ್ಡು ಬೇಕು, ಅದಕ್ಕೇ ಹೆದರಿಸುತ್ತಾರೆ" ಎಂದರು. ಓದಿದವನೆಂದು ನನ್ನನ್ನೂ ಕೇಳಿದರು. "ದೊಡ್ಡವರು ಹೇಳಿದ ಹಾಗೆ ಮಾಡಿ" ಎಂದು ನಾನು ಜಾರಿಕೊಂಡೆ. ನನಗೆ ಗೊತ್ತಿರಲಿಲ್ಲ ನಿಜ. ಆದರೆ ಗೊತ್ತು ಮಾಡಿಕೊಳ್ಳಲು ಆಸ್ಪತ್ರೆಗೆ ಹೋಗಿ ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು.

ಆ ವರ್ಷದ ಮಳೆಗಾಲ ಮುಗಿಯುತ್ತಾ ಬಂದಾಗ, ಒಂದು ರಾತ್ರಿ ಇಶಾ ನಮಾಝ್ ಮುಗಿಸಿ ಬಂದವರು ಬೆನ್ನು ನೋವೆಂದು ಕುಳಿತರು. ಬೆವರು ಸುರಿಯುತ್ತಿತ್ತು. ಗ್ಯಾಸ್ ಎಂದರು. ಸೋಡಾ ತರಿಸಿದೆವು. ಅರ್ಧ ಗಂಟೆ ಹಾಗೆಯೇ ಹೋಯಿತು. ರಿಕ್ಷಾದಲ್ಲಿ ಕೂರಿಸಿದಾಗ ಅವರಿಗೆ ಪ್ರಜ್ಞೆ ಇತ್ತು, ಆಸ್ಪತ್ರೆಯ ಬಾಗಿಲಲ್ಲಿ ಇರಲಿಲ್ಲ. ಅದೇ ವರ್ಷ ಫೆಬ್ರವರಿಯಲ್ಲಿ, 97ರ ಡಿಬೇಕಿಯನ್ನು ಉಳಿಸಿಕೊಂಡಿದ್ದರು. ನಮ್ಮ ದರ್ಜಿಗೆ 68.

ಅವರ ಆಯುಷ್ಯ ಅಷ್ಟೇ ಇತ್ತು ಎಂದು ಎಲ್ಲರೂ ಸಮಾಧಾನ ಹೇಳಿದರು. ನಾನೂ ಹಾಗೇ ನಂಬುವವನು. ಆದರೆ ಆಯುಷ್ಯ ದೇವರ ಕೈಯಲ್ಲಿದೆ ಎನ್ನುವುದು, ನಮ್ಮ ಕೈಯಲ್ಲಿದ್ದುದನ್ನು ಮಾಡದೆ ಇದ್ದುದಕ್ಕೆ ಉತ್ತರವಾಗುವುದಿಲ್ಲ.

ಆ ಅಂಗಡಿ ಈಗಿಲ್ಲ. ಆ ಜಾಗದಲ್ಲಿ ಮೊಬೈಲ್ ಅಂಗಡಿ ಬಂದಿದೆ. ಅವರ ಟೇಪು ನನ್ನ ಮೇಜಿನ ಡ್ರಾಯರಿನಲ್ಲಿದೆ. ಇಂಚಿನ ಗೆರೆಗಳೆಲ್ಲ ಮಾಸಿಹೋಗಿವೆ. ಕಳೆದ ವರ್ಷ ನನ್ನ ತಂದೆಯನ್ನೂ ಚಿಕ್ಕಪ್ಪನನ್ನೂ ಸ್ಕ್ಯಾನಿಗೆ ಕರೆದುಕೊಂಡು ಹೋದೆ. ತಂದೆಯದು ಸರಿಯಿದೆ. ಚಿಕ್ಕಪ್ಪನದು 3.4. ವೈದ್ಯರು, "ಈಗ ಏನೂ ಬೇಡ, ಅಳೆಯುತ್ತಾ ಇರೋಣ" ಎಂದರು. ಹೊರಗೆ ಬಂದು ಮುಂದಿನ ಸ್ಕ್ಯಾನಿನ ತಾರೀಕನ್ನು ಮನೆಯ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿ ಬರೆದೆ. ಚಿಕ್ಕಪ್ಪ ಜೇಬಿನಿಂದ ಬೀಡಿ ಕಟ್ಟನ್ನು ತೆಗೆದು, ಒಂದು ಕ್ಷಣ ನೋಡಿ, ನನ್ನ ಕೈಗೆ ಕೊಟ್ಟರು.